ಹಾಲಿನೋ, ಕಲ್ದಾರೋ?

ವಿಮಾನ ಹತ್ತಿದ್ರ ಮಾತ್ರ ಪರದೇಶ ಅಂತ ಈಗಿನ ಹುಡುಗ್ಯಾರು ತಿಳ್ಕೊಂಡಾರ. ನಮ್ಮ ವಳಕಮದಿನ್ನಿ ಕಡೆಯವರಿಗೆ 1948ರ ತನಕ ತುಂಗಭದ್ರಾ ಹೊಳಿ ದಾಟಿದ್ರ ಅದ ಪರದೇಶ. ಈ ದಂಡಿ ನಿಜಾಮರ ಹೈದರಾಬಾದ್ ಸಂಸ್ಥಾನ. ಆ ದಂಡಿಯ ಸಿರಗುಪ್ಪ, ಬಳ್ಳಾರಿ, ಆದವಾನಿ ಎಲ್ಲಾ ಇಂಗ್ಲಿಷರ ಮದ್ರಾಸ್ ಪ್ರಾಂತ್ಯ. ಮಾತು ಅದ ಕನ್ನಡ, ಬೀಗರು ಅವರ ಬೀಗರು, ಆದರ ರೊಕ್ಕ ಬ್ಯಾರೆ.

ಈಗ ಇದನ್ನ ಯಾಕ ಬರಿಲಿಕತ್ತೀನಿ ಅಂದ್ರ, ನಮ್ಮ ಓಣಿಯ ನಾಕೈದು ಮಂದಿ ನೇಪಾಳ, ದುಬೈ ಅಂತ ಹೊಂಟಾರ. ಎಲ್ಲಾರೂ ಕೇಳೋದು ಒಂದ: ಅಲ್ಲಿ ಚೌಕಾಸಿ ಹೆಂಗ ಮಾಡಬೇಕು? ಅರ್ಧಕ್ಕ ಕೇಳ್ರಿ, ಕೊಡದಿದ್ರ ಎದ್ದು ನಡೀರಿ ಅಂತ ಮೊಬೈಲಿನಾಗ ಬರೋ ವಿಡಿಯೋ ಹೇಳ್ತಾವ. ಹೊಳಿ ದಾಟಿ ಸಂತಿಗೆ ಹೋಗೋ ನಮ್ಮ ಹಿರೇರಿಗೆ ಅದಕ್ಕಿಂತ ಮೊದಲು ಬೇಕಾಗಿದ್ದ ಮಾತು ಒಂದಿತ್ತು: "ಹಾಲಿನೋ, ಕಲ್ದಾರೋ?"

ಹಾಲಿ ಸಿಕ್ಕಾ ಅಂದ್ರ ಸದ್ಯ ಚಾಲ್ತಿಯೊಳಗಿರೋ ನಾಣ್ಯ, ನಿಜಾಮರದು, ಚಾರ್‌ಮಿನಾರ್ ಚಿತ್ರ ಇರೋದು. ಕಲ್ದಾರ ಅಂದ್ರ ಯಂತ್ರದಾಗ ಹೊಡೆದದ್ದು, ಇಂಗ್ಲಿಷರ ರಾಜಾ ರಾಣಿ ಮಾರಿ ಇದ್ದದ್ದು. ಎರಡಕ್ಕೂ ಮಂದಿ ಬಾಯಾಗ ರೂಪಾಯಿ ಅಂತನ ಹೆಸರು, ಆದರ ತೂಕ ಒಂದಲ್ಲ. ಆರು ಕಲ್ದಾರಕ್ಕ ಏಳು ಹಾಲಿ. ಸರಕಾರದ ಲೆಕ್ಕದಾಗ ನೂರು ಕಲ್ದಾರಕ್ಕ 116 ಹಾಲಿ ರೂಪಾಯಿ, ಮ್ಯಾಲ 10 ಆಣೆ 8 ಪೈ. ಆ ದಂಡ್ಯಾಗ ಸೀರಿ ಅಂಗಡಿಯವ ಹನ್ನೆರಡು ಅಂದ್ರ ನಮ್ಮ ಗಂಟಿನಾಗಿಂದ ಹದಿನಾಲ್ಕು ಹೋಗತಿತ್ತು. ಕೇಳದ ಸುಮ್ನ ಜಗ್ಗಾಡಿ ಹನ್ನೊಂದಕ್ಕ ಇಳಿಸಿ ಗೆದ್ದೆ ಅಂದ್ಕೊಂಡಾಕಿ ಹಾಲಿ ಎಣಿಸಿ ಕೊಟ್ರ ಅಂಗಡಿಯವ ಮಾರಿ ಸಿಂಡರಿಸದ ಬಿಡ್ತಾನೇನು? ಆಗ ಇಬ್ಬರೂ ಕಳ್ಳರಂಗ ಕಾಣೋದು. ಅದಕ್ಕ ಆ ಒಂದು ಪ್ರಶ್ನಿ ಲೆಕ್ಕಾನೂ ಹೌದು, ಮರ್ಯಾದಿನೂ ಹೌದು.

ವ್ಯಾಪಾರದ ಮಾಲು ಹೊತ್ಕೊಂಡು ಬರೋರಿಗೆ ಗಡಿಯಾಗ ಕರೋಡಗಿರಿಯವರು, ಅಂದ್ರ ನಿಜಾಮರ ಸುಂಕದವರು, ನೂರಕ್ಕ ಐದರಂಗ ಸುಂಕ ಹಾಕ್ತಿದ್ರು. ಅದನ್ನೂ ಬೆಲಿಯಾಗ ಹಿಡೀಬೇಕು.

ಸಂಸ್ಥಾನ ಹೋತು, ಹಾಲಿ ಮಾತ್ರ ಲಗೂನ ಹೋಗ್ಲಿಲ್ಲ. 1951ಕ್ಕ ಹೊಸದಾಗಿ ಹೊರಡಿಸೋದು ನಿಂತ್ರೂ ಪೂರ್ತಿ ರದ್ದಾದದ್ದು 1959ರಾಗ. ನಮ್ಮ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕ ಸೇರಿದ್ದು 1956ರ ನವೆಂಬರ್ 1ಕ್ಕ. ಅಂದ್ರ ಮೈಸೂರಿನವರಾದ ಮ್ಯಾಲೂ ಮೂರು ವರ್ಷ ನಿಜಾಮರ ರೊಕ್ಕಕ್ಕ ಜೀವ ಇತ್ತು!

ನೇಪಾಳಕ್ಕ ಹೊಂಟೋರು ಇದನ್ನ ಚಲೋತ್ನಾಗಿ ಕೇಳ್ರಿ, ಅಲ್ಲಿ ಇನ್ನೂ ಅದ ಆಟ ಐತಿ. ನಮ್ಮ ನೂರು ರೂಪಾಯಿಗೆ ಅವರ ನೂರಾ ಅರವತ್ತು, 1993ರಿಂದ ಇದ ಲೆಕ್ಕ. ನಾವು ಪಶುಪತಿನಾಥಕ್ಕ ಹೋದಾಗ ನಮ್ಮ ಜೋಡಿ ಬಂದಿದ್ದ ಒಬ್ಬ ವಯಿನಿ ರುದ್ರಾಕ್ಷಿ ಸರಕ್ಕ ನಿಂತ್ರು. ಮಾರೋ ಮುದುಕಿ ಎಂಟುನೂರು ಅಂದಳು. ವಯಿನಿ ಗಟ್ಟಿಯಾಗಿ, ಐನೂರಕ್ಕ ಒಂದು ಪೈಸಾ ಹೆಚ್ಚಿಲ್ಲ ಅಂತ ಕುಂತ್ರು. ಆ ಮುದುಕಿ ನಕ್ಕು, "ನಿಮ್ಮ ರೂಪಾಯಿನೋ ನಮ್ಮದೋ?" ಅಂತ ಹಿಂದಿಯಾಗ ಕೇಳಿದಳು. ಎಂಟುನೂರು ನೇಪಾಳಿ ಅಂದ್ರ ನಮ್ಮ ಐನೂರ! ಸುಮ್ನ ಇಸ್ಕೊಂಡಿದ್ರ ಯಾರಿಗೂ ತಿಳೀತಿದ್ದಿಲ್ಲ, ಆದರ ಆಕಿನ ಬಿಡಿಸಿ ಹೇಳಿದಳು. ಆಮ್ಯಾಲ ವಯಿನಿ ಬೆಲಿ ಜಗ್ಗಲಿಲ್ಲ, ನಮ್ಮ ಸಂತ್ಯಾಗ ಕೇಳಿದಂಗ ಕೊಸರು ಕೇಳಿದ್ರು. ಆಕಿ ಒಂದು ಕೆಂಪು ದಾರದ ಬಿಡಿ ರುದ್ರಾಕ್ಷಿ ಹಾಕಿದಳು. ನನಗ ಕೊಸರು ಕೇಳೋದ ಚಂದ ಅನಸ್ತೈತಿ. ಬೆಲಿ ಇಳಿಸಿದ್ರ ಬಾಜೂಕಿನ ಗಿರಾಕಿ ಮುಂದ ಮಾರೋರ ಮಾತು ಬೀಳ್ತೈತಿ. ಕೊಸರಿನಾಗ ಮಾತೂ ಉಳೀತೈತಿ, ನಮಗೂ ಒಂದು ಹಿಡಿ ಬರ್ತೈತಿ.

ನಾವು ಹೊರಗ ಹೋದದ್ದು ಹಿಂಗಾತು. ಹೊರಗಿನವರು ನಮ್ಮ ಸೀಮಿಗೆ ಬಂದಾಗ ಹೆಂಗ ನಡ್ಕೊಂಡ್ರು ಅನ್ನೋದು ಇನ್ನೂ ರಸ ಐತಿ. 17ನೇ ಶತಮಾನದಾಗ ಟ್ಯಾವರ್ನಿಯರ್ ಅಂತ ಒಬ್ಬ ಫ್ರೆಂಚ್ ವಜ್ರದ ವ್ಯಾಪಾರಿ ಈ ಕಡಿ ಬಂದಿದ್ದ. ಅವನ ಪ್ರವಾಸದ ಪುಸ್ತಕ 1676ರಾಗ ಅಚ್ಚಾತು. ನಮ್ಮ ದೋಆಬ್ ಆಗ ಬಿಜಾಪುರದ ಆದಿಲ್‌ಶಾಹಿಗೆ ಸೇರಿತ್ತು. ಅದ ಬಿಜಾಪುರದ ಸೀಮಿಯೊಳಗ ರಾವಲಕೊಂಡ ಅನ್ನೋ ವಜ್ರದ ಗಣಿಗೆ ಇವ ಹೋದ. ಅದು ಈಗಿನ ಕರ್ನೂಲು ಹತ್ರದ ರಾಮಳ್ಳಕೋಟ ಅಂತ ವಿದ್ವಾಂಸರು ಗುರುತಿಸ್ಯಾರ.

ಅಲ್ಲಿ ಕೊಳ್ಳೋರು ಮಾರೋರು ಎದುರಾಬದುರು ಕುಂತು, ಬಟ್ಟಿ ಮರೆಯಾಗ ಕೈ ಹಿಡ್ಕೊಂಡು ಮಾತಿಲ್ಲದ ವ್ಯಾಪಾರ ಮಾಡ್ತಿದ್ರಂತ. ಇಡೀ ಕೈ ಹಿಡಿದ್ರ ಸಾವಿರ, ಒಂದು ಬೆರಳು ನೂರು, ಅರ್ಧ ಬೆರಳು ಐವತ್ತು, ತುದಿ ಗೆಣ್ಣು ಹತ್ತು. ಬಾಜೂ ಕುಂತವರಿಗೂ ಬೆಲಿ ತಿಳೀತಿದ್ದಿಲ್ಲ. ದನದ ಸಂತ್ಯಾಗ ದಲಾಲರು ಟವಲ್ ಕೆಳಗ ಬೆರಳು ಹಿಡಿಯೋದು ನೋಡಿದ ನಮಗ ಇದೇನು ಹೊಸದಲ್ಲ. ಆದರ ಅವನಿಗೆ ಬೆರಗಾಗಿತ್ತು.

ಒಂದು ಸಂಜಿ ಅವನ ಹತ್ರ ಒಬ್ಬ ಬನಿಯ ಬಂದ. ಮೈಮ್ಯಾಲ ಒಂದು ಬಟ್ಟಿ, ತಲಿಗೆ ಒಂದು ಹರಕು ವಸ್ತ್ರ. ಬಾಜೂ ಬಂದು ಕುಂತು ಇಪ್ಪತ್ತರಷ್ಟು ಕೆಂಪಿನ ಉಂಗುರ ತೋರಿಸಿದ. ಹರಳು ಸಣ್ಣವು. ಆದ್ರೂ ಟ್ಯಾವರ್ನಿಯರ್ ಹಂಗಿಸಿ ಎಬ್ಬಿಸಲಿಲ್ಲ. ಮುನ್ನೂರು ಬಾಳೋ ಒಂದು ಉಂಗುರಕ್ಕ ನಾನೂರರ ಹತ್ರ ಕೊಟ್ಟ, ತಿಳಿದ ಕೊಟ್ಟ. ಇವ ಬರೇ ಉಂಗುರ ಮಾರಾಕ ಬಂದವ ಅಲ್ಲ ಅಂತ ಅವನಿಗೆ ವಾಸನಿ ಹತ್ತಿತ್ತು. ನಮ್ಮಂಥೋರು ಇದ್ದಿದ್ರ ಅಲ್ಲೇ ನೂರಕ್ಕ ಜಗಳ ತೆಗೀತಿದ್ವಿ, ಖರೆ ಹೇಳ್ರಿ!

ಆಳುಗಳು ಆ ಕಡಿ ಹೋದ ಮ್ಯಾಲ ಬನಿಯ ತಲಿವಸ್ತ್ರ ಬಿಚ್ಚಿ, ಕೂದಲದಾಗಿಂದ 48½ ಕ್ಯಾರಟ್ ತೂಕದ ವಜ್ರ ತೆಗೆದ. ನಾಳೆ ತನಕ ನಿನ್ನ ಹತ್ರನ ಇರಲಿ, ಪುರುಸೊತ್ತಿನಾಗ ನೋಡು, ಮನಸ್ಸಿಗೆ ಬಂದ್ರ ಊರ ಹೊರಗ ರೊಕ್ಕ ತಗೊಂಡು ಬಾ ಅಂತ ಹೇಳಿ ಹೋದ. ರಶೀದಿ ಇಲ್ಲ, ಸಾಕ್ಷಿ ಇಲ್ಲ. ಮರುದಿನ ಟ್ಯಾವರ್ನಿಯರ್ ಅವ ಹೇಳಿದ ರೊಕ್ಕದಾಗ ಇನ್ನೂರು ವರಹ ಬ್ಯಾರೆ ತೆಗೆದಿಟ್ಟು ಹೋದ. ಸ್ವಲ್ಪ ಎಳೆದಾಟ ಆತು. ಕಡೀಕ ಅದ್ರಾಗಿನ ನೂರಾ ಐವತ್ತೂ ಕೊಟ್ಟ. ಉಳಿದದ್ದು ಐವತ್ತು ವರಹ. ಆ ವಜ್ರಾನ ಸೂರತ್‌ನಾಗ ಒಬ್ಬ ಡಚ್ ಕಪ್ತಾನನಿಗೆ ಚಲೋ ಲಾಭಕ್ಕ ಮಾರಿದ.