ಸಂಶಿಯಿಂದ ಹುಬ್ಬಳ್ಳಿಗೆ

ಸಂಶಿಯಲ್ಲಿ ರೈಲು ಹತ್ತಿ ಕುಂದಗೋಳ ದಾಟಿದರೆ ಹುಬ್ಬಳ್ಳಿ. 1885ರಲ್ಲಿ ಸದರ್ನ್ ಮರಾಠಾ ರೈಲ್ವೆ ಅಲ್ಲಿ ವರ್ಕ್‌ಶಾಪ್ ತೆರೆಯಿತು. ಕಬ್ಬಿಣದ ಕೆಲಸ ಬಲ್ಲವರಿಗೆ ಕಸುಬು ಕಲಿಯುವ ಜಾಗವೂ ದುಡಿಯುವ ಜಾಗವೂ ಒಂದೇ ಆಯಿತು.

ಸರಿಯಾಗಿ ನೂರು ವರ್ಷಗಳ ನಂತರ, 1985ರಲ್ಲಿ, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಹಿಂದೆಯೇ ಸಾಫ್ಟ್‌ವೇರ್ ಕಂಪನಿಗಳೂ ಅಲ್ಲೇ ನೆಲೆಯೂರಿದವು. ಹುಬ್ಬಳ್ಳಿಗೆ ವಿದ್ಯೆಯ ಬರವಿರಲಿಲ್ಲ; ಬಿ.ವಿ.ಬಿ. ಎಂಜಿನಿಯರಿಂಗ್ ಕಾಲೇಜು 1947ರದು. ಕಂಪನಿಗಳಿಗೆಂದು ಇಲ್ಲಿ ಐ.ಟಿ. ಪಾರ್ಕ್ ಕಟ್ಟಿದ್ದೂ ಉಂಟು. 2015ರಲ್ಲಿ ಧಾರವಾಡದ ಐಐಐಟಿ ತನ್ನ ಪಾಠಗಳನ್ನು ಆರಂಭಿಸಿದ್ದು ಆ ಪಾರ್ಕಿನಲ್ಲೇ. 2022ರಲ್ಲಿ ಅದರ ಸ್ವಂತ ಕ್ಯಾಂಪಸ್ ಉದ್ಘಾಟನೆಯಾಯಿತು. ಕೆಲಸದ ಕಟ್ಟಡವೂ ಪಾಠಶಾಲೆಯಾಯಿತು!

ಹೀಗಾಗಿ ಹಳ್ಳಿಯ ಉರ್ದು, ಕನ್ನಡ ಶಾಲೆಗಳ ಮಕ್ಕಳು ಎರಡು ಹೊಳೆ ದಾಟಬೇಕಾಯಿತು: ಕಲಿಯಲು ಇಂಗ್ಲಿಷು, ದುಡಿಯಲು ಬೆಂಗಳೂರು. ಮಗಳನ್ನು ಹುಬ್ಬಳ್ಳಿಯ ಕಾಲೇಜಿಗೆ ಹೆಮ್ಮೆಯಿಂದ ಕಳಿಸುವ ನಾವೇ ಬೆಂಗಳೂರು ಎಂದೊಡನೆ ಹಿಂದೆ ಸರಿಯುತ್ತೇವೆ. ಅವಳ ಪದವಿಪತ್ರ ಟ್ರಂಕಿನ ತಳ ಸೇರುತ್ತದೆ.

ಸಂಜೆಯ ರೈಲಿಗೆ ಮನೆಗೆ ಮರಳುವಷ್ಟು ಹತ್ತಿರದಲ್ಲಿ ಕೆಲಸವಿರಲಿ ಎಂದು ನಾವು ಸರಕಾರವನ್ನೂ ಕಂಪನಿಗಳನ್ನೂ ಕೇಳಬೇಕು. ಅದು ಸಿಗುವವರೆಗೆ ಮಗಳ ದಾರಿಗೆ ಅಡ್ಡ ನಿಲ್ಲದಿರುವುದು ಮಾತ್ರ ನಮ್ಮದೇ ಕೈಯಲ್ಲಿದೆ.