ಹಗೆಯ ಕಡೆಯಿಂದ ಬಂದ ಸಾಕ್ಷಿ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ಬಂಡೆಯ ಮುಂದೆ ನಿಂತಾಗಲೆಲ್ಲ ನನ್ನ ಕಣ್ಣು ಮೊದಲು ಹೋಗುವುದು ಅಶೋಕನ ಉಪದೇಶಕ್ಕಲ್ಲ, ಅದರ ಕೊನೆಗೆ. ಚಪಡನೆಂಬ ಲಿಪಿಕಾರ ಅಲ್ಲಿ ತನ್ನ ಹೆಸರನ್ನು ಬರೆದಿಟ್ಟಿದ್ದಾನೆ. ಬಿ. ಎಲ್. ರೈಸ್ ಅವರು 1892ರಲ್ಲಿ ಬೆಳಕಿಗೆ ತರುವವರೆಗೆ, ಎರಡು ಸಾವಿರ ವರ್ಷಕ್ಕೂ ಮಿಕ್ಕಿ, ಕಲ್ಲು ಆ ಹೆಸರನ್ನು ಕಾದುಕೊಂಡಿತ್ತು. ಆಕಾಶದಲ್ಲಿ ನಡೆದ ಕಾರ್ಯಕ್ಕೆ ಅಂಥ ಕಲ್ಲೆಲ್ಲಿಯದು?

ಈ ಪ್ರಶ್ನೆ ನನ್ನಲ್ಲಿ ಎದ್ದದ್ದು ಚಳ್ಳಕೆರೆಯ ಬಯಲಿನಲ್ಲಿ. ಕುದಾಪುರದ ಕಡೆಯ ಕಾವಲಿನಲ್ಲಿ 2017ರಲ್ಲಿ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. (ದನಗಳ ಮೇವಿನ ಕಾವಲು ಹೋದ ಸಂಕಟ ಬೇರೆಯೇ ಕಥೆ.) ಶೇಂಗಾ ಹೊಲದ ಬದುವಿನಲ್ಲಿದ್ದ ಹುಡುಗನೊಬ್ಬ ಮೇಲೆ ನೋಡುತ್ತ, "ಮೇಷ್ಟ್ರೇ, ಅದರೊಳಗೆ ಯಾರೂ ಇರೋದಿಲ್ಲವಂತೆ" ಎಂದ. ಒಳಗೆ ಒಬ್ಬರಿದ್ದ ವಿಮಾನದ ಕಥೆಯನ್ನು ಅವನಿಗೆ ಹೇಳಿದೆ. ಅದನ್ನೇ ಕೇಳುಗರಿಗೂ ಹೇಳುತ್ತೇನೆ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರು ಕೊಡಗಿನವರು, 1932ರಲ್ಲಿ ಜನಿಸಿದವರು. ಹಾರಾಟ ಕಲಿಸುವ ಶಿಕ್ಷಕರಾಗಿದ್ದರು. ಅವರೂ ಮೇಷ್ಟ್ರೇ ಎಂಬುದು ನನಗೊಂದು ಸಣ್ಣ ಹೆಮ್ಮೆ. 1965ರ ಯುದ್ಧದಲ್ಲಿ ಒಂದನೆಯ ಸ್ಕ್ವಾಡ್ರನ್ನನ್ನು ಸೇರಿಕೊಂಡರು. ಸೆಪ್ಟೆಂಬರ್ 7ರ ಬೆಳಗಿನ ಜಾವ, ತನೇಜಾ ಅವರ ನಾಯಕತ್ವದಲ್ಲಿ ಮಿಸ್ಟೀರ್ ವಿಮಾನಗಳು ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ನೆಲೆಯತ್ತ ಹೊರಟವು. ದೇವಯ್ಯನವರದು ಮೀಸಲಿನ ಸ್ಥಾನ. ಯಾರಾದರೂ ಹಿಂದುಳಿದರೆ ಮಾತ್ರ ಹೋಗಬೇಕು. ಒಂದು ವಿಮಾನ ಹಿಂದುಳಿಯಿತು, ಅವರು ಹೋದರು.

ಅಲ್ಲಿ ಅವರ ಮೇಲೆ ಎರಗಿದ್ದು ಎಫ್-104 ಸ್ಟಾರ್‌ಫೈಟರ್. ಅದು ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೀರ್‌ಗೆ ಸಮತಲದ ಹಾರಾಟದಲ್ಲಿ ಶಬ್ದದ ವೇಗವೂ ದಕ್ಕದು. ಓಡಿ ಪಾರಾಗುವುದಂತೂ ಆಗದ ಮಾತು. ಗುಂಡೇಟು ತಿಂದ ಆ ವಿಮಾನದಲ್ಲೇ ದೇವಯ್ಯನವರು ತಿರುಗಿ ನಿಂತು ಕಾದಿದರು. ಎರಡೂ ವಿಮಾನಗಳು ಬಿದ್ದವು. ಎದುರಾಳಿ ಅಮ್ಜದ್ ಹುಸೇನ್ ಧುಮುಕುಕೊಡೆಯಿಂದ ಇಳಿದು ಬದುಕಿದರು. ದೇವಯ್ಯನವರು ಮರಳಲಿಲ್ಲ. ಅವರನ್ನು ಅಲ್ಲಿಯ ಹಳ್ಳಿಗರೇ ಮಣ್ಣು ಮಾಡಿದರೆಂದು ಆ ಕಡೆಯವರು ಹೇಳುತ್ತಾರೆ.

ಜೊತೆಯವರು ಯಾರೂ ಆ ಕಾಳಗವನ್ನು ಕಂಡಿರಲಿಲ್ಲ. ನಮ್ಮ ದಾಖಲೆಯಲ್ಲಿ ಉಳಿದದ್ದು 'ಕಾಣೆಯಾದರು' ಎಂಬುದಷ್ಟೇ. ಮನೆಯವರ ಪಾಲಿಗೆ ಆ ಒಂದು ಪದ ಎಷ್ಟು ದೀರ್ಘವಾಗಿದ್ದಿರಬೇಕು! ಪಾಕಿಸ್ತಾನದ ವಾಯುಪಡೆಯ ನೆರವಿನಿಂದಲೇ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಯುದ್ಧಚರಿತ್ರೆ 1979ರಲ್ಲಿ ಹೊರಬಂದಾಗ, ಆ ಸ್ಟಾರ್‌ಫೈಟರ್ ಮಿಸ್ಟೀರ್ ಒಂದರ ಗುಂಡಿಗೆ ಬಿದ್ದಿತೆಂಬುದು ತಿಳಿಯಿತು. ಆ ಮಿಸ್ಟೀರ್ ಯಾರದೆಂದು ಕೂಡಿಸಿ ನೋಡುವ ಕೆಲಸ ಆಮೇಲಿನದು. ತನ್ನ ಸೋಲನ್ನು ಹಗೆ ಒಪ್ಪಿಕೊಂಡ ಮಾತಿಗಿಂತ ನಂಬಲರ್ಹವಾದ ಆಧಾರ ಚರಿತ್ರೆಕಾರನಿಗೆ ದೊರೆಯುವುದು ಅಪರೂಪ.

ಆ ಮೇಲೂ ವರ್ಷಗಳು ಹಿಡಿದವು. 1988ರಲ್ಲಿ, ಕಾಳಗ ನಡೆದು ಇಪ್ಪತ್ತಮೂರು ವರ್ಷಗಳಾದ ಮೇಲೆ, ಮಹಾವೀರ ಚಕ್ರ ಅವರ ಪತ್ನಿಯ ಕೈ ಸೇರಿತು.