ನೀರು ತಂದವರಿಗೆ ಸಲ್ಲಬೇಕಾದ ಕೃತಜ್ಞತೆ

ಶಿಗ್ಗಾವಿ ತಾಲೂಕಿನ ಗೊಟಗೋಡಿಯಲ್ಲಿ ಹೆದ್ದಾರಿಯ ಬದಿಗಿರುವ ಉತ್ಸವ ರಾಕ್ ಗಾರ್ಡನ್‌ಗೆ ಮಕ್ಕಳನ್ನು ಕರೆದೊಯ್ದವರು ಒಂದು ವಿಷಯವನ್ನು ಗಮನಿಸಿರಬಹುದು. ಅಲ್ಲಿ ಪ್ರತಿಮೆಗಳಾಗಿ ನಿಂತಿರುವವರಲ್ಲಿ ಬಹುಪಾಲು ಮಂದಿ ಅರಸರಲ್ಲ, ಸೇನಾನಿಗಳಲ್ಲ. ಹಳ್ಳಿಯಲ್ಲಿ ತಮ್ಮ ತಮ್ಮ ಕಸುಬಿನಲ್ಲಿ ತೊಡಗಿರುವ ಸಾಮಾನ್ಯ ಜನ. ದುಡಿಯುವ ಕೈಗೆ ಸಲ್ಲಿಸಿದ ಈ ಗೌರವ ಮೆಚ್ಚತಕ್ಕದ್ದು. ಆದರೆ ಕಣ್ಣಿಗೆ ಕಾಣದ ದುಡಿಮೆಯೂ ಒಂದಿದೆ. ನೆಲದಡಿಯಲ್ಲಿ ಸುರಂಗ ಕೊರೆದು, ಮಣ್ಣಿನ ಕೊಳವೆ ಹೂಳಿ, ಬರಡು ನಾಡಿನ ನಗರಗಳಿಗೆ ನೀರು ತಂದವರಿಗೆ ನಮ್ಮ ನೆನಪಿನಲ್ಲಿ ಯಾವ ಸ್ಥಾನವಿದೆ?

ಈ ಪ್ರಶ್ನೆ ಇತಿಹಾಸಕ್ಕೆ ಮಾತ್ರವಲ್ಲ, ನಮ್ಮ ಈಮಾನಿಗೂ ಸಂಬಂಧಿಸಿದ್ದು. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಾಗಲಾರ ಎಂಬ ಆಶಯದ ಪ್ರವಾದಿ ವಚನ ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿದೆ. ತೀರಿಹೋದ ತಾಯಿಯ ಹೆಸರಿನಲ್ಲಿ ಯಾವ ದಾನ ಶ್ರೇಷ್ಠವೆಂದು ಹಝ್ರತ್ ಸಅದ್ ಬಿನ್ ಉಬಾದಾ(ರ) ಕೇಳಿದಾಗ ಪ್ರವಾದಿವರ್ಯರು(ಸ) ಸೂಚಿಸಿದ್ದು ನೀರನ್ನು. ಅವರು ಬಾವಿ ತೋಡಿಸಿದರು. ಪವಿತ್ರ ಕುರ್‌ಆನಿನ ಅಲ್ ಕಹ್ಫ್ ಅಧ್ಯಾಯದಲ್ಲಿ ಝುಲ್‌ಕರ್ನೈನ್‌ರ ವೃತ್ತಾಂತವಿದೆ. ದಾಳಿಯಿಂದ ನೊಂದ ಜನರು ತಡೆಗೋಡೆ ಕಟ್ಟಿಕೊಡಲು ಕಪ್ಪ ಕೊಡುತ್ತೇವೆಂದರು. ಅವರು ಹಣವನ್ನು ನಿರಾಕರಿಸಿ, ಜನರ ದೈಹಿಕ ಶ್ರಮವನ್ನು ಮಾತ್ರ ಕೇಳಿದರು. ಕಬ್ಬಿಣದ ತುಂಡುಗಳನ್ನು ಪೇರಿಸಿ, ಕಾಯಿಸಿ, ಕರಗಿದ ತಾಮ್ರವನ್ನು ಸುರಿದು ಗೋಡೆಯನ್ನು ಪೂರ್ಣಗೊಳಿಸಿದ ಮೇಲೆ, ಇದು ತನ್ನ ಪ್ರಭುವಿನ ಕರುಣೆ ಎಂದರು. ಜ್ಞಾನ, ಜನರ ಸಹಭಾಗಿತ್ವ ಮತ್ತು ವಿನಯ ಈ ಮೂರೂ ಆ ಒಂದು ನಿರ್ಮಾಣದಲ್ಲಿ ಕೂಡಿವೆ.

ಈ ಬೆಳಕಿನಲ್ಲಿ ನಮ್ಮ ನಾಡಿನ ವಿಜಯಪುರವನ್ನು ನೋಡೋಣ. ಗೋಲ್ ಗುಂಬಜನ್ನು ಅರಿಯದ ಕನ್ನಡಿಗರಿಲ್ಲ. ಆದರೆ ಮಳೆ ಕಡಿಮೆಯಿರುವ ಆ ಪ್ರದೇಶದಲ್ಲಿ ಅಷ್ಟು ದೊಡ್ಡ ರಾಜಧಾನಿ ಬದುಕಿದ್ದು ಗುಮ್ಮಟದಿಂದಲ್ಲ, ನೀರಿನಿಂದ. ಒಂದನೇ ಅಲಿ ಆದಿಲ್ ಶಾಹನ ಕಾಲದಲ್ಲಿ, 1579ರಲ್ಲಿ ಚಾಂದ್ ಬಾವಡಿ ನಿರ್ಮಾಣವಾಯಿತು. 1620ರಲ್ಲಿ ಮಲಿಕ್ ಸಂದಲ್ ತಾಜ್ ಬಾವಡಿಯನ್ನು ಕಟ್ಟಿಸಿದರು. 1651ರಲ್ಲಿ, ಮುಹಮ್ಮದ್ ಆದಿಲ್ ಶಾಹನ ಆಳ್ವಿಕೆಯಲ್ಲಿ, ನಗರದ ದಕ್ಷಿಣಕ್ಕೆ ಬೇಗಂ ತಲಾಬ್ ಸಿದ್ಧವಾಯಿತು. ಪಶ್ಚಿಮದ ತೊರವಿಯ ಕಡೆಯಿಂದ ಸುರಂಗ ಬಾವಡಿಯ ಮೂಲಕ ನೆಲದಡಿಯಲ್ಲೇ ನೀರು ನಗರದತ್ತ ಹರಿಯಿತು.

ಇಲ್ಲಿನ ಬುದ್ಧಿವಂತಿಕೆಯನ್ನು ‘ಗಂಜ್’ ಎಂಬ ಗೋಪುರಗಳಲ್ಲಿ ಕಾಣಬಹುದು. ದೂರದ ಎತ್ತರದಿಂದ ಇಳಿದು ಬರುವ ನೀರಿನ ಒತ್ತಡಕ್ಕೆ ಮಣ್ಣಿನ ಕೊಳವೆಗಳು ಒಡೆಯುವ ಅಪಾಯವಿತ್ತು. ಆದ್ದರಿಂದ ದಾರಿಯುದ್ದಕ್ಕೂ ಅಲ್ಲಲ್ಲಿ ಗೋಪುರಗಳನ್ನು ಕಟ್ಟಿ, ನೀರು ಮೇಲಿನ ತೊಟ್ಟಿಗೆ ಏರಿ ಮತ್ತೆ ಇಳಿಯುವಂತೆ ಮಾಡಿದರು. ಇದರಿಂದ ಒತ್ತಡ ತಗ್ಗಿತು, ಹೂಳು ಅಡಿಯಲ್ಲಿ ನಿಂತಿತು. ಯಂತ್ರವಿಲ್ಲ, ಇಂಧನವಿಲ್ಲ, ಇಳಿಜಾರಿನ ಲೆಕ್ಕ ಮಾತ್ರ.

ಬೀದರಿನ ಕಥೆ ಇನ್ನೂ ಹಿಂದಿನದು. 15ನೇ ಶತಮಾನದಲ್ಲಿ ಬಹಮನಿಗಳ ರಾಜಧಾನಿಯಾದ ಈ ನಗರ ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿದೆ. ಮಳೆನೀರು ಜಂಬಿಟ್ಟಿಗೆಯಲ್ಲಿ ಇಂಗಿ, ಕೆಳಗಿನ ಗಟ್ಟಿಯಾದ ಕಪ್ಪು ಬಂಡೆಯ ಮೇಲೆ ನಿಲ್ಲುತ್ತದೆ. ಅದನ್ನು ಅರಿತವರು ಪರ್ಷಿಯಾದ ‘ಕರೇಜ್’ ಪದ್ಧತಿಯಲ್ಲಿ ನೌಬಾದಿನ ಬಳಿ ಎರಡು ಕಿಲೋಮೀಟರಿಗೂ ಉದ್ದದ ಸುರಂಗವನ್ನು ಕೊರೆದರು. ಗಾಳಿ ಬೆಳಕಿಗಾಗಿ, ಹೂಳು ತೆಗೆಯಲಿಕ್ಕಾಗಿ ಮೇಲಿನಿಂದ ಸಾಲಾಗಿ ಬಾವಿಗಳನ್ನು ಇಳಿಸಿದರು. ಕಾಲಾಂತರದಲ್ಲಿ ಆ ಬಾವಿಗಳಲ್ಲಿ ಮಣ್ಣು, ಕಸ ತುಂಬಿತು. ಜನ ಅದನ್ನು ಮರೆತರು. ಭೂಗೋಳ ತಜ್ಞ ವಿ. ಗೋವಿಂದನ್‌ಕುಟ್ಟಿ ಅವರು ಅಧ್ಯಯನ ನಡೆಸಿ ಅದರ ಜಾಡನ್ನು ಗುರುತಿಸಿದ ಮೇಲೆ, ಕಳೆದ ದಶಕದಲ್ಲಿ ಹೂಳು ತೆಗೆದಾಗ ಕರೇಜ್ ಮತ್ತೆ ಬೆಳಕು ಕಂಡಿತು. ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ ದಖ್ಖನಿನ ಐತಿಹಾಸಿಕ ನೀರಿನ ವ್ಯವಸ್ಥೆಗಳನ್ನು ತನ್ನ 2020ರ ಕಾಳಜಿಯ ಪಟ್ಟಿಗೆ ಸೇರಿಸಿತು. ದೂರದ ಸಂಸ್ಥೆಯೊಂದು ಬೆಲೆ ಕಟ್ಟುವವರೆಗೆ ನಾವು ಏನು ಮಾಡುತ್ತಿದ್ದೆವು?

ಮಲಿಕ್ ಸಂದಲ್ ಅವರ ಹೆಸರು ಇಬ್ರಾಹಿಂ ರೋಜಾದ ಶಾಸನದಲ್ಲಿ ಉಳಿದಿದೆ. ಆದರೆ ಕತ್ತಲೆಯಲ್ಲಿ ಬಾಗಿ ಬಂಡೆ ಕಡಿದ ಕೂಲಿಗಳ ಹೆಸರು ಯಾವ ಕಲ್ಲಿನಲ್ಲೂ ಇಲ್ಲ. ಅವರ ಲೆಕ್ಕ ಅಲ್ಲಾಹನ ಬಳಿ ಇದೆ. ಇವು ‘ನಮ್ಮವರು’ ಕಟ್ಟಿದವು ಎಂದು ಬೀಗುವುದರಿಂದ ಅವರ ಋಣ ತೀರುವುದಿಲ್ಲ. ಅವರ ಬಾವಿಗೆ ಕಸ ಎಸೆಯುತ್ತಾ ಅವರ ಹೆಸರಿನಲ್ಲಿ ಹೆಮ್ಮೆಪಡುವುದು ಕೃತಜ್ಞತೆಯಲ್ಲ.

ಕೃತಜ್ಞತೆಗೆ ಜಾತಿ ಮತಗಳ ಗಡಿಯೂ ಸಲ್ಲದು. 1908ರ ಸೆಪ್ಟೆಂಬರಿನಲ್ಲಿ ಮೂಸಿ ನದಿ ಉಕ್ಕಿ ಹೈದರಾಬಾದಿನಲ್ಲಿ ಸಾವಿರಾರು ಜನ ಮೃತಪಟ್ಟಾಗ, ನಿಜಾಮರ ಸರಕಾರ ಸಲಹೆ ಕೇಳಿದ್ದು ನಮ್ಮ ಮುದ್ದೇನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯನವರನ್ನು. ಅವರ ಯೋಜನೆಯಿಂದ ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಜಲಾಶಯಗಳು ಮೂಡಿಬಂದವು. ನಗರಕ್ಕೆ ಪ್ರವಾಹದಿಂದ ರಕ್ಷಣೆಯೂ ಕುಡಿಯುವ ನೀರೂ ದೊರೆತವು. ಅದೇ ಸಂಸ್ಥಾನದ ಇಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್, ಬೀದರ್ ಜಿಲ್ಲೆಯಲ್ಲಿ ಹರಿದು ತೆಲಂಗಾಣಕ್ಕೆ ಸಾಗುವ ಮಾಂಜ್ರಾ ನದಿಗೆ ನಿಜಾಮ್ ಸಾಗರ ಅಣೆಕಟ್ಟನ್ನು ಕಟ್ಟಿದರು. ವಿಶ್ವೇಶ್ವರಯ್ಯನವರ ಜನ್ಮದಿನವಾದ ಸೆಪ್ಟೆಂಬರ್ 15 ದೇಶದಲ್ಲಿ ಇಂಜಿನಿಯರುಗಳ ದಿನ. ಅಲಿ ನವಾಜ್ ಜಂಗ್ ಅವರ ಜನ್ಮದಿನವಾದ ಜುಲೈ 11 ತೆಲಂಗಾಣದಲ್ಲಿ ಇಂಜಿನಿಯರುಗಳ ದಿನ. ನೀರು ಕುಡಿಯುವವನು ಕಟ್ಟಿದವನ ಧರ್ಮವನ್ನು ಕೇಳುವುದಿಲ್ಲ. ಕಟ್ಟಿದವರೂ ಕುಡಿಯುವವನ ಧರ್ಮವನ್ನು ಕೇಳಲಿಲ್ಲ.

ಇಂದು ನಮ್ಮ ಮನೆಗಳಿಂದಲೂ ಅನೇಕ ಮಕ್ಕಳು ಇಂಜಿನಿಯರಿಂಗ್ ಕಾಲೇಜು ಸೇರುತ್ತಿದ್ದಾರೆ. ಸಂಬಳ ಎಷ್ಟು ಎಂದು ನಾವು ಕೇಳುತ್ತೇವೆ. ನಿನ್ನ ವಿದ್ಯೆಯಿಂದ ಯಾರ ಬಾಯಾರಿಕೆ ತಣಿಯುತ್ತದೆ ಎಂದು ಕೇಳುವ ತಂದೆತಾಯಿಗಳು ಎಷ್ಟು ಮಂದಿ? ಹಲಾಲ್ ಸಂಪಾದನೆ ಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿಯಾದ ಲೆಕ್ಕ, ಕಲಬೆರಕೆಯಿಲ್ಲದ ಸಿಮೆಂಟು, ಲಂಚವಿಲ್ಲದ ಸಹಿ ಇವುಗಳಿಂದ ನಿಂತ ಒಂದು ಸೇತುವೆ, ಒಂದು ಕೆರೆಯ ಏರಿ ಅದನ್ನು ಕಟ್ಟಿದವನ ಮರಣಾನಂತರವೂ ಪುಣ್ಯ ತರುವ ಸದಖತುನ್ ಜಾರಿಯಾ ಆಗಬಲ್ಲದು.

ಮುಂದಿನ ರಜೆಯಲ್ಲಿ ಮಕ್ಕಳನ್ನು ವಿಜಯಪುರಕ್ಕೆ ಕರೆದೊಯ್ದಾಗ ಗೋಲ್ ಗುಂಬಜಿನ ಪ್ರತಿಧ್ವನಿಯನ್ನು ಕೇಳಿಸಿ. ಆ ಬಳಿಕ ತಾಜ್ ಬಾವಡಿಯ ಮೆಟ್ಟಿಲ ಬಳಿಗೂ ಕರೆದೊಯ್ಯಿರಿ. ಮರಳಿ ಬಂದು ನಮ್ಮದೇ ಊರಿನ ಕೆರೆಯ ಹೂಳು, ಮಸೀದಿಯ ಹೌಝಿನಲ್ಲಿ ಪೋಲಾಗುವ ನೀರು ಇವುಗಳತ್ತ ಗಮನ ಹರಿಸೋಣ. ಅಲ್ಲಾಹನು ನಮಗೆ ಉಪಕಾರವನ್ನು ಸ್ಮರಿಸುವ ಮನಸ್ಸನ್ನೂ ಉಪಕಾರವೆಸಗುವ ಜ್ಞಾನವನ್ನೂ ದಯಪಾಲಿಸಲಿ. ಆಮೀನ್.